ಬೆಳ್ಳಿಯ ಮೈಬಣ್ಣ

ದೊಡ್ಡ ನಾಣ್ಯವನ್ನು ತೂಗಿ ಪಡೆಯುತ್ತಾರೆ; ಪುಡಿಗಾಸನ್ನು ನಂಬಿ ಪಡೆಯುತ್ತಾರೆ. ಕಳ್ಳನಿಗೆ ಯಾವ ಬಾಗಿಲು ಸುಲಭ ಎಂದು ಬೇರೆ ಹೇಳಬೇಕಿಲ್ಲ.

ಬೆಳ್ಳಿ ಅರ್ಧಕ್ಕಿಂತ ಕಡಿಮೆ, ಮಿಕ್ಕದ್ದು ತಾಮ್ರ: ಈ ಬೆರಕೆಯ ಹೆಸರು ಬಿಲ್ಲನ್. ಹದಿನಾರನೆಯ ಶತಮಾನದಿಂದ ಹದಿನೆಂಟರವರೆಗೆ ಜರ್ಮನ್ ಸಂಸ್ಥಾನಗಳ ಬಡವರು ಬೆಳ್ಳಿಯೆಂದು ಮುಟ್ಟಿದ್ದು ಬಹುಪಾಲು ಇದನ್ನೇ.

ಪವಿತ್ರ ರೋಮನ್ ಸಾಮ್ರಾಜ್ಯಕ್ಕೆ ಚಕ್ರವರ್ತಿ ಒಬ್ಬ. ನಾಣ್ಯ ಹೊಡೆಯುವ ಹಕ್ಕು ನೂರಾರು ಮಂದಿಗೆ. ಡ್ಯೂಕ್, ಕೌಂಟ್, ಬಿಷಪ್, ಸನ್ಯಾಸಿನಿಯರ ಮಠದ ಒಡತಿ, ವರ್ತಕರ ನಗರ, ಎಲ್ಲರೂ ಸಾರ್ವಭೌಮರು, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ.

ಅಧಿಕಾರ ಹಂಚಿದಷ್ಟೂ ತೆಳುವಾಗುತ್ತದೆ. ಬೆಳ್ಳಿಯೂ.

ಸ್ಯಾಕ್ಸನಿಯ ಲೆಕ್ಕ: ಥಾಲರ್‌ಗೆ 24 ಗ್ರೋಷನ್, ಗ್ರೋಷನ್‌ಗೆ 12 ಫೆನಿಗ್. ದಕ್ಷಿಣದ ಲೆಕ್ಕ: ಗುಲ್ಡನ್‌ಗೆ 60 ಕ್ರೊಯ್ಟ್ಸರ್, ಕ್ರೊಯ್ಟ್ಸರ್‌ಗೆ 4 ಫೆನಿಗ್. ಒಂದು ದೇಶದೊಳಗೆ ಎರಡು ಗಣಿತವಿದ್ದಾಗ ಗಡಿಯಲ್ಲಿ ಕೂತವನು ಶ್ರೀಮಂತನಾಗುತ್ತಾನೆ.

ಒಂದು ಥಾಲರ್ ಮಾಡಲು ಒಂದು ಬಿಲ್ಲೆ ಸಾಕು. ಅದೇ ಬೆಲೆಯ ಫೆನಿಗ್ ಮಾಡಲು 288 ಬಿಲ್ಲೆ ಕತ್ತರಿಸಬೇಕು, 288 ಸಲ ಅಚ್ಚಿಗೆ ಕೊಡಬೇಕು. ಬೆಲೆ ಬೆಳ್ಳಿಯ ಲೆಕ್ಕದ್ದು. ತೋಳಿನ ಆಯಾಸ ಏಟಿನ ಲೆಕ್ಕದ್ದು.

ಹಾಗಾಗಿ ಪ್ರಾಮಾಣಿಕ ಚಿಲ್ಲರೆ ನಷ್ಟದ ಕೆಲಸ, ಅಪ್ರಾಮಾಣಿಕ ಚಿಲ್ಲರೆ ಲಾಭದ ಕೆಲಸ. ಮೂರನೆಯ ದಾರಿಯೊಂದಿದೆ ಎಂದು ಒಪ್ಪಲು ಮುನ್ನೂರು ವರ್ಷ ಹಿಡಿಯಿತು.

1559ರಲ್ಲಿ ಆಗ್ಸ್‌ಬರ್ಗ್‌ನ ಸಭೆ ನಾಣ್ಯಗಳಿಗೆಲ್ಲ ಬೆಳ್ಳಿಯ ಅಳತೆ ಕಟ್ಟಿತು. 1566ರಲ್ಲಿ ಥಾಲರ್‌ಗೂ ಸಾಮ್ರಾಜ್ಯದ ಮುದ್ರೆ ಬಿತ್ತು: ಕಲೋನ್ ನಗರದ ಒಂದು ಮಾರ್ಕ್ ತೂಕದ ಶುದ್ಧ ಬೆಳ್ಳಿಯಿಂದ ಒಂಬತ್ತು, ಅಂದರೆ ಒಂದೊಂದರಲ್ಲಿ ಸುಮಾರು 26 ಗ್ರಾಂ. ಕಾನೂನು ನ್ಯಾಯವಾಗಿತ್ತು. ಅದರಂತೆ ಚಿಲ್ಲರೆ ಹೊಡೆದವನು ಮುಳುಗಿದ.

ಪಾಲಿಸಿದವನನ್ನು ಬಡವನಾಗಿಸುವ ಕಾನೂನು, ಮುರಿಯುವವನಿಗೆ ಕೊಟ್ಟ ರಹದಾರಿ.

(ಅದನ್ನು ಬರೆದ ಪಂಡಿತರ ಮೇಲೆ ಕನಿಕರ ಹುಟ್ಟುತ್ತದೆ. ಹೆಚ್ಚು ಹೊತ್ತು ನಿಲ್ಲುವುದಿಲ್ಲ.)

1570ರಲ್ಲಿ ಸ್ಪೈಯರ್‌ನ ಸಭೆ ಹೇಳಿತು: ಬೆಳ್ಳಿ ಗಣಿ ಇಲ್ಲದವನಿಗೆ ಸ್ವಂತ ಟಂಕಸಾಲೆ ಬೇಡ, ಪ್ರಾಂತ್ಯಕ್ಕೆ ಮೂರು ನಾಲ್ಕು ಸಾಮಾನ್ಯ ಟಂಕಸಾಲೆಗಳು ಸಾಕು. ಗಣಿ ಇಲ್ಲದವರು ತಲೆಯಾಡಿಸಿದರು. ಬೇಲಿ ಮರೆಯಲ್ಲಿ ಕುಲುಮೆ ಉರಿಯಿತು.

ಗಣಿ ಇದ್ದವನು ಬೆಳ್ಳಿ ಅಗೆದ; ಇಲ್ಲದವನು ನೆರೆಯವನ ನಾಣ್ಯ ಅಗೆದ.

ಒಳ್ಳೆಯ ನಾಣ್ಯ ಕರಗಿಸಿ, ತಾಮ್ರ ಕೂಡಿಸಿ, ಅದೇ ಹೆಸರಿನ ಹೆಚ್ಚು ನಾಣ್ಯ ಮಾಡುವುದು: ಇದಕ್ಕೆ ರಸವಿದ್ಯೆ ಎನ್ನಲಿಲ್ಲ. ರಸವಾದಿಗಳು ಸೋತದ್ದು ಚಿನ್ನ ಮಾಡಲು ಹೋಗಿ. ಅರಸರು ಗೆದ್ದದ್ದು ಬೆಳ್ಳಿ ಕೆಡಿಸಲು ಹೋಗಿ.

ಹದಿನಾರು ಲೋಟ್ ಎಂದರೆ ಪೂರ್ಣ ಶುದ್ಧ ಬೆಳ್ಳಿ. ಎಂಟರ ಕೆಳಗೆ ಇಳಿದರೆ ಬಿಲ್ಲನ್. ಮೂರಕ್ಕೆ ಇಳಿದ ಮೇಲೂ ನಾಣ್ಯದ ಮೇಲಿನ ಹದ್ದು ರೆಕ್ಕೆ ಮಡಿಸಲಿಲ್ಲ.

ಬೆರಕೆ ಬಿಲ್ಲೆ ಹುಟ್ಟುವಾಗ ಕೆಂಪು, ಮಾಸಲು. ಅದನ್ನು ಕಾಯಿಸಿ, ದ್ರಾಕ್ಷಾರಸದ ಪೀಪಾಯಿಯ ಒಳಮೈಗೆ ಕಚ್ಚಿದ ಹುಳಿ ಹರಳನ್ನೂ ಉಪ್ಪನ್ನೂ ಹಾಕಿದ ನೀರಿನಲ್ಲಿ ಕುದಿಸುತ್ತಿದ್ದರು. ಹೊರಮೈಯ ತಾಮ್ರ ತಿಂದುಹೋಗಿ ಬೆಳ್ಳಿಯ ಪೊರೆಯೊಂದು ಉಳಿಯುತ್ತಿತ್ತು. ಆಮೇಲೆ ಅಚ್ಚು. ಅರಸನ ಮುದ್ರೆ ಬಿದ್ದದ್ದು ಆ ಪೊರೆಯ ಮೇಲೆ.

ಇಲ್ಲಿ ಸುಣ್ಣ ಬಳಿದವರಿಲ್ಲ, ಬಣ್ಣ ಹಚ್ಚಿದವರಿಲ್ಲ. ಒಳಗಿರುವ ಒಂದು ಲೋಹವನ್ನು ಹೊರಗೆ ತೋರಿಸಿ, ಒಳಗಿರುವ ಇನ್ನೊಂದನ್ನು ತೊಳೆದುಬಿಟ್ಟರು, ಅಷ್ಟೇ. ನಿಜವನ್ನೇ ಮುಂದಿಟ್ಟು ಹೇಳಿದ ಸುಳ್ಳಿಗೆ ಸಾಕ್ಷಿ ಸಿಗುವುದಿಲ್ಲ.

ಉಬ್ಬಿದ್ದು ಮೊದಲು ಸವೆಯುತ್ತದೆ: ಹದ್ದಿನ ಎದೆ, ಸಿಂಹದ ತೊಡೆ, ಅರಸನ ಮೂಗು. ಕೆಂಪು ಇಣುಕುವುದೂ ಅಲ್ಲಿಂದಲೇ.

ಹೊಸ ನಾಣ್ಯಕ್ಕೆ ಹೊಳಪು ಸಾಕ್ಷಿ. ಹಳೆಯ ನಾಣ್ಯಕ್ಕೆ ಸವಕಳಿ ಸಾಕ್ಷಿ. ನ್ಯಾಯಾಧೀಶ ಮಾತ್ರ ಮೊದಲ ಸಾಕ್ಷಿಯನ್ನೇ ಕೇಳಿ ಎದ್ದುಹೋಗಿರುತ್ತಾನೆ.

ತಾಮ್ರದ ನಾಣ್ಯ ತಾನು ತಾಮ್ರ ಎಂದೇ ಹೇಳಿಕೊಳ್ಳುತ್ತದೆ, ಬೆಳ್ಳಿಯದು ಬೆಳ್ಳಿ ಎಂದು. ಎರಡಕ್ಕೂ ಸಲ್ಲದ ಬಿಲ್ಲನ್‌ಗೆ ಮಾತ್ರ ಮಾತು ಬೇಕಾಯಿತು: ಅದರ ಮೇಲೆ ಅಕ್ಷರ ಜಾಸ್ತಿ.

ಫ್ರೆಡರಿಕ್ ದೊರೆಯ ಪ್ರಷ್ಯಾದ ಸಣ್ಣ ನಾಣ್ಯವೊಂದನ್ನು ಹತ್ತಿರ ಹಿಡಿದು ನೋಡಿ. ಒಂದು ಮಗ್ಗುಲಲ್ಲಿ ಬೆಲೆ ಹೀಗೆ ಬರೆದಿದೆ: ಇಪ್ಪತ್ನಾಲ್ಕು ಸೇರಿ ಒಂದು ಥಾಲರ್. ತಾನೇನು ಎಂದು ಹೇಳಲು ಆ ಕಾಸಿಗೆ ಇನ್ನೂ ಇಪ್ಪತ್ಮೂರು ಜೊತೆಗಾರರು ಬೇಕು. ಅವರೆಲ್ಲ ಬಂದರೂ ಥಾಲರ್ ಬಾರದಿರಬಹುದು.

ಗ್ರೋಷನ್ ಮೇಲೆ ಶಿಲುಬೆ ಹೊತ್ತ ಭೂಗೋಳ, ಅದರ ಹೊಟ್ಟೆಯಲ್ಲಿ 24 ಎಂಬ ಅಂಕೆ. ಸಾಮ್ರಾಜ್ಯದ ಲಾಂಛನದೊಳಗೆ ಭಿನ್ನರಾಶಿ ಕೂರಿಸಿದ ಮೇಲೆ ಸಾಮ್ರಾಜ್ಯವೂ ಭಿನ್ನರಾಶಿಯಾದದ್ದು ಸೋಜಿಗವಲ್ಲ.

ಮೈನ್ಸ್‌ಗೆ ಚಕ್ರ, ಬ್ರೆಮೆನ್‌ಗೆ ಬೀಗದ ಕೈ, ಆಗ್ಸ್‌ಬರ್ಗ್‌ಗೆ ಪೈನ್ ಕಾಯಿ, ಹ್ಯಾಂಬರ್ಗ್‌ಗೆ ಕೋಟೆ ಬಾಗಿಲು, ಶ್ವೇಬಿಶ್ ಹಾಲ್‌ಗೆ ಬಿಚ್ಚಿದ ಅಂಗೈ. ಓದು ಬಾರದವನು ಕೂಡ ಊರುಗಳನ್ನು ಬೆರಳಿನಲ್ಲಿ ಓದಿದ.

ಬಿಚ್ಚಿದ ಅಂಗೈಯ ಚಿತ್ರವಿದ್ದ ಹೆಲ್ಲರ್, ಫೆನಿಗ್‌ನ ಅರ್ಧ. ಬೇಡುವ ಕೈಗೆ ಬೀಳುತ್ತಿದ್ದದ್ದೂ ಅದೇ.

ಗೋಸ್ಲಾರ್ ನಗರ 1505ರಲ್ಲಿ ಮಗುವನ್ನೆತ್ತಿದ ಮೇರಿಯನ್ನು ಗ್ರೋಷನ್ ಮೇಲೆ ನಿಲ್ಲಿಸಿತು. ಆಮೇಲೆ ಆ ಊರು ಲೂಥರನ ಮತಕ್ಕೆ ಬಂತು. ಆಸುಪಾಸಿನ ಪ್ರಾಟೆಸ್ಟೆಂಟ್ ಅರಸರೂ ಮರಿಯನ್‌ಗ್ರೋಷನ್ ಹೊಡೆಯುವುದನ್ನು ಬಿಡಲಿಲ್ಲ. ಪೀಠದಿಂದ ಇಳಿಸಿದ ದೇವಿಯನ್ನು ಜೇಬಿನಲ್ಲಿ ಉಳಿಸಿಕೊಂಡರು.

ಮತ ಬದಲಾದೀತು, ಚಲಾವಣೆ ಬದಲಾಗದು.

ಬ್ರೌನ್‌ಶ್ವೈಗ್‌ನ ಡ್ಯೂಕ್ ಹೈನ್‌ರಿಶ್ ಯೂಲಿಯುಸ್ ತನ್ನ ಸಾಮಂತರೊಡನೆ ಜಗಳವಾದಾಗ ಅವರನ್ನು ಕುಟುಕುವ ಚಿತ್ರಗಳ ಥಾಲರ್ ಹೊಡೆಸಿದ. ಫೆನಿಗ್ ಮೇಲೆ ಯಾರ ಜಗಳವೂ ಇಲ್ಲ. ದೊಡ್ಡವರ ಕೋಪಕ್ಕೆ ಅಗಲವಾದ ಜಾಗ ಬೇಕು.

ಒಂದೇ ಮಗ್ಗುಲಿಗೆ ಅಚ್ಚು ಬಿದ್ದ ಫೆನಿಗ್ ಎಷ್ಟು ತೆಳು ಎಂದರೆ ಏಟಿಗೆ ಬಟ್ಟಲಿನಂತೆ ಬಾಗುತ್ತದೆ. ಖರ್ಚು ಉಳಿಸಲು ಹಿಂಬದಿಯನ್ನು ಖಾಲಿ ಬಿಟ್ಟರು. ಅರಸ ಬಡವನಿಗೆ ಬೆನ್ನು ತೋರಿಸಲು ಕೂಡ ದುಡ್ಡು ಖರ್ಚು ಮಾಡಲಿಲ್ಲ.

ಅಂಗೈಯಲ್ಲಿಟ್ಟರೆ ಕೊಂಚ ಬಾಗಿರುವ, ಸ್ವಲ್ಪ ಉದ್ದಕ್ಕೆ ಎಳೆದಂತಿರುವ ಕ್ರೊಯ್ಟ್ಸರ್‌ಗಳಿವೆ. ಅವು ಉರುಳೆಗಳ ನಡುವೆ ಹಾದು ಬಂದವು. ಸುತ್ತಿಗೆ ಬಿಟ್ಟು ಯಂತ್ರ ಹಿಡಿದ ಕಾಲದ ಉದ್ದೇಶ ಒಳ್ಳೆಯದಿತ್ತು: ಚಿಲ್ಲರೆಯ ಖರ್ಚು ಇಳಿಯಲಿ. ಇಳಿಯಿತು. ಕೆಟ್ಟ ನಾಣ್ಯದ ಖರ್ಚೂ ಇಳಿಯಿತು.

ಕೊಪರ್ನಿಕಸ್ 1526ರಲ್ಲಿ ಪ್ರಷ್ಯಾದ ನಾಣ್ಯದ ಬಗ್ಗೆ ಪ್ರಬಂಧ ಬರೆದ. ರಾಜ್ಯಗಳನ್ನು ಕೆಡಿಸುವ ಪಿಡುಗುಗಳಲ್ಲಿ ನಾಲ್ಕು ದೊಡ್ಡವು: ಒಳಜಗಳ, ಸಾವು, ಬಂಜರು ನೆಲ, ಕೆಟ್ಟ ನಾಣ್ಯ. ಮೊದಲ ಮೂರು ಎಲ್ಲರಿಗೂ ಕಾಣುತ್ತವೆ, ನಾಲ್ಕನೆಯದು ಕೆಲವರಿಗಷ್ಟೇ ಎಂದ. ಭೂಮಿ ತಿರುಗುವುದನ್ನು ಕಂಡವನಿಗೆ ಇದು ಕಷ್ಟವೇನಿರಲಿಲ್ಲ. ಎರಡೂ ನಿಂತ ಹಾಗೆ ತೋರುವ ಚಲನೆಗಳೇ.

ಆಕಾಶದ ಬಗ್ಗೆ ಅವನು ಬರೆದದ್ದು ಅವನು ಸಾಯುವ ವರ್ಷ ಅಚ್ಚಾಯಿತು. ನಾಣ್ಯದ ಬಗ್ಗೆ ಬರೆದದ್ದು ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಿತು. ಭೂಮಿಯನ್ನು ಕದಲಿಸುವುದಕ್ಕಿಂತ ಬೊಕ್ಕಸವನ್ನು ಕದಲಿಸುವುದು ಕಷ್ಟ.

ಕೆಟ್ಟ ನಾಣ್ಯ ನಡೆಯುತ್ತದೆ, ಒಳ್ಳೆಯದು ಹೂತುಕೊಳ್ಳುತ್ತದೆ. ಬೀದಿಯಲ್ಲಿ ಕಾಣುವವರನ್ನೇ ನೋಡಿ ಊರನ್ನು ಅಳೆಯಬಾರದು.

1530ರ ಹೊತ್ತಿಗೆ ಸ್ಯಾಕ್ಸನಿಯ ಎರಡು ಮನೆತನಗಳು ನಾಣ್ಯ ಹಗುರವಿರಬೇಕೋ ಗಟ್ಟಿಯಿರಬೇಕೋ ಎಂದು ಕರಪತ್ರ ಹಿಡಿದು ಕಾದಾಡಿದವು. ಗಟ್ಟಿ ನಾಣ್ಯದವರು ಬೆಳ್ಳಿ ಪರವಾಗಿ ಮಾತಾಡಿದರು, ಹಗುರ ನಾಣ್ಯದವರು ವ್ಯಾಪಾರದ ಪರವಾಗಿ. ಚಿಲ್ಲರೆ ಹಿಡಿದು ಸಂತೆಗೆ ಹೋಗುವವಳ ಪರವಾಗಿ ಯಾರ ಕರಪತ್ರವೂ ಇರಲಿಲ್ಲ. ಅವಳ ಹೆಸರನ್ನು ಮಾತ್ರ ಇಬ್ಬರೂ ಬಳಸಿಕೊಂಡರು.

ಲಾಜರಸ್ ಎರ್ಕರ್ ಗೋಸ್ಲಾರ್ ಟಂಕಸಾಲೆಯಲ್ಲಿ ದುಡಿದವನು; 1574ರಲ್ಲಿ ಪ್ರಾಗ್‌ನಲ್ಲಿ ಅದಿರು, ಲೋಹ ಪರೀಕ್ಷೆಯ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಮೂಸೆ, ತಕ್ಕಡಿ, ಒರೆಗಲ್ಲು, ಕುಲುಮೆಯ ಶಾಖ, ಒಂದೊಂದನ್ನೂ ತಿಳಿಯಹೇಳಿದ. ಬೆಳ್ಳಿ ಎಷ್ಟಿದೆ ಎಂದು ತಿಳಿಯುವ ವಿದ್ಯೆ ಪಕ್ಕಾ ಆದಮೇಲೆಯೇ ದೊಡ್ಡ ಮೋಸ ನಡೆಯಿತು. ಅಜ್ಞಾನವೇ ಮೋಸದ ತಾಯಿ ಎನ್ನುವವರು ಇದನ್ನು ಯೋಚಿಸಲಿ.

ಪರೀಕ್ಷಕ ಬೆಂಕಿಯಲ್ಲಿ ಸೀಸದೊಡನೆ ಕರಗಿಸಿ ನಾಣ್ಯದ ನಿಜ ತಿಳಿಯುತ್ತಾನೆ. ನಿಜ ತಿಳಿಯುವ ಹೊತ್ತಿಗೆ ನಾಣ್ಯ ಇರುವುದಿಲ್ಲ.

ಪ್ರಾಂತ್ಯಗಳು ಕಾಲಕಾಲಕ್ಕೆ ಪರೀಕ್ಷಾ ಸಭೆ ಕರೆದವು. ಟಂಕಸಾಲೆಯವರು ಒಳ್ಳೆಯ ಮಾದರಿ ತಂದರು. ಕಳ್ಳ ಕೂಡ ಹಬ್ಬದ ದಿನ ಮಡಿ ಉಡುತ್ತಾನೆ.

1618ರಲ್ಲಿ ಯುದ್ಧ ಹೊತ್ತಿತು. ಸೈನಿಕನಿಗೆ ಸಂಬಳ ಬೇಕು, ಸಂಬಳಕ್ಕೆ ಬೆಳ್ಳಿ ಬೇಕು, ಬೆಳ್ಳಿ ಇಲ್ಲ. ಮೂವತ್ತು ವರ್ಷಗಳ ಆ ಯುದ್ಧದ ಮೊದಲ ಐದು ವರ್ಷದೊಳಗೆ ಸಾವಿರ ಊರುಗಳನ್ನು ಮುಟ್ಟಿದ ಸೈನ್ಯವೊಂದಿತ್ತು. ಅದಕ್ಕೆ ಕುದುರೆ ಇರಲಿಲ್ಲ, ಚೀಲ ಇತ್ತು.

ಕಿಪ್ಪರ್, ವಿಪ್ಪರ್: ನಾಣ್ಯದ ಅಂಚು ಹೆರೆದವರನ್ನು, ತಕ್ಕಡಿಯಲ್ಲಿ ಭಾರದ್ದನ್ನು ಆರಿಸಿಕೊಂಡವರನ್ನು ಜನ ಹೀಗೆ ಕರೆದರು. 1619ರಿಂದ 1623ರವರೆಗಿನ ಕಾಲಕ್ಕೇ ಆ ಹೆಸರು ನಿಂತಿತು. ಕೈಚಳಕದವರಿಗೆ ಯುಗದ ಹೆಸರು ಸಿಕ್ಕಿತು. ಹಕ್ಕುಪತ್ರ ಹಿಡಿದು ಅದೇ ಕೆಲಸ ಮಾಡಿದವರಿಗೆ ಬಿರುದುಗಳು ಸಿಕ್ಕವು.

ವಿಧಾನ ಸರಳ. ನಿಮ್ಮ ಕೆಟ್ಟ ನಾಣ್ಯವನ್ನು ಗಾಡಿಯಲ್ಲಿ ನೆರೆಯ ಸಂಸ್ಥಾನಕ್ಕೆ ಒಯ್ಯಿರಿ. ಅಲ್ಲಿಯ ಒಳ್ಳೆಯದನ್ನು ಕೊಂಡು ತನ್ನಿ. ಕರಗಿಸಿ ಇನ್ನಷ್ಟು ಕೆಟ್ಟದ್ದು ಮಾಡಿ. ನೆರೆಯವನಿಗೆ ಎರಡೇ ದಾರಿ: ಹಾಳಾಗುವುದು, ಇಲ್ಲವೇ ನಿಮ್ಮಂತಾಗುವುದು. ಹೆಚ್ಚಿನವರು ಎರಡನ್ನೂ ಮಾಡಿದರು.

ಬೇಲಿ ಹಾರಿ ಹೋದ ಕೆಟ್ಟ ಕಾಸು, ಬೇಲಿ ಸುತ್ತಿ ಮನೆಗೇ ಬರುತ್ತದೆ. ಬರುವಾಗ ಇನ್ನೂ ಸಣ್ಣದಾಗಿ.

ಅಡುಗೆಮನೆಯ ತಾಮ್ರದ ಹಂಡೆಗೆ ಏಕಾಏಕಿ ಬೆಲೆ ಬಂತು. ಮಾರಿದವರು ಹಿಗ್ಗಿದರು. ಹಂಡೆ ಟಂಕಸಾಲೆಗೆ ಹೋಗಿ ಕಾಸಾಗಿ ಬಂತು. ಆ ಕಾಸಿಗೆ ಹಂಡೆ ಸಿಗಲಿಲ್ಲ.

ಕಾಸಿಗೆ ತಕ್ಕ ಕಜ್ಜಾಯ ಎನ್ನುತ್ತೇವೆ. ಕಾಸೇ ಕಾಸಿಗೆ ತಕ್ಕದ್ದಲ್ಲದಿದ್ದರೆ, ಬೈಸಿಕೊಳ್ಳುವವನು ಕಜ್ಜಾಯ ಮಾಡುವವನೇ.

ಯುದ್ಧಕ್ಕೆ ಮುಂಚೆ ಥಾಲರ್ ಒಂದಕ್ಕೆ ಸುಮಾರು 90 ಕ್ರೊಯ್ಟ್ಸರ್ ಲೆಕ್ಕ. ನಾಲ್ಕೈದು ವರ್ಷದಲ್ಲಿ ಕೆಲವು ಊರುಗಳಲ್ಲಿ ಅದು 600 ದಾಟಿತು. ಥಾಲರ್ ಬೆಳೆಯಲಿಲ್ಲ. ಅಳೆಯುವ ಕೋಲು ಕುಗ್ಗಿತು, ಬೆಳೆದಂತೆ ಕಂಡಿತು.

ಬೆಲೆ ಏರಿತು ಎಂಬುದು ವರ್ತಕನ ಮಾತು. ಕಾಸು ಇಳಿಯಿತು ಎಂಬುದು ಪಂಡಿತನ ಮಾತು. ಕೂಲಿಯವನು ಎರಡೂ ಹೇಳಲಿಲ್ಲ; ಸಂಜೆ ತಂದ ಹಿಟ್ಟಿನ ಗಂಟನ್ನು ಎತ್ತಿ ನೋಡಿದ.

ಹೆಚ್ಚು ನೊಂದವರು ನಿಗದಿತ ಸಂಬಳದವರು: ಶಾಲೆಯ ಮಾಸ್ತರರು, ಪಾದ್ರಿಗಳು, ಗುಮಾಸ್ತರು. ಓದಬಲ್ಲವರೂ ಬರೆಯಬಲ್ಲವರೂ ಅವರೇ ಆದ್ದರಿಂದ ಆ ಕಾಲದ ಸಂಕಟ ನಮಗೆ ತಲುಪಿತು. ಬರೆಯಲಾರದವರ ಸಂಕಟಕ್ಕೆ ನಾಣ್ಯವೇ ದಾಖಲೆ.

ಹಾಲೆ ನಗರದ ಪಾದ್ರಿ ಆಂಡ್ರಿಯಾಸ್ ಲಾಂಪೆ 1621ರಲ್ಲಿ ಕಿಪ್ಪರ್‌ಗಳನ್ನು ಸೈತಾನನ ಕೊನೆಯ ಸಂತಾನ ಎಂದು ಶೀರ್ಷಿಕೆಯಲ್ಲೇ ಬೈದು ಪುಸ್ತಕ ಬರೆದ. ಸೈತಾನನ ಮಕ್ಕಳಿಗೆ ಟಂಕಸಾಲೆಯ ಗುತ್ತಿಗೆ ಕೊಟ್ಟವರು ದೇವರ ಕೃಪೆಯಿಂದ ಆಳುತ್ತಿದ್ದರು. ನಾಣ್ಯದ ಮೇಲೆ ಹಾಗೇ ಬರೆದಿತ್ತು.

1622ರಲ್ಲಿ ಮಾಗ್ಡೆಬರ್ಗ್‌ನಲ್ಲಿ ಜನ ದಂಗೆಯೆದ್ದು ನಾಣ್ಯ ಬದಲಿಸುವವರ ಮನೆಗಳ ಮೇಲೆ ಬಿದ್ದರು. ಟಂಕಿಸಿದವರ ಅರಮನೆಗೆ ಗೋಡೆ ಎತ್ತರವಿತ್ತು. ಕೋಪ ಯಾವಾಗಲೂ ಕೈಗೆಟುಕುವ ಬಾಗಿಲನ್ನೇ ತಟ್ಟುತ್ತದೆ.

ಅರಸ ತನ್ನ ನಾಣ್ಯದಲ್ಲಿ ಸಂಬಳ ಕೊಟ್ಟ. ತೆರಿಗೆ ಕಟ್ಟಲು ಬಂದವನು ಅದೇ ನಾಣ್ಯ ಚಾಚಿದಾಗ ಬೇಡವೆಂದ. ತನ್ನ ಮುಖವನ್ನು ತಾನೇ ಗುರುತಿಸದವನಿಗೆ ಪ್ರಜೆ ಏನೆಂದು ನಮಸ್ಕರಿಸಬೇಕು?

ಬೊಕ್ಕಸದ ಬಾಗಿಲಿಗೆ ಎರಡು ಒರೆಗಲ್ಲು: ಹೊರಹೋಗುವಾಗ ಒಂದು, ಒಳಬರುವಾಗ ಇನ್ನೊಂದು.

ಬೊಹೆಮಿಯಾದಲ್ಲಿ 1622ರ ಆರಂಭಕ್ಕೆ ಕೂಟವೊಂದು ಕೂಡಿತು. ಚಕ್ರವರ್ತಿಗೆ ಒಂದು ವರ್ಷಕ್ಕೆ ಅರವತ್ತು ಲಕ್ಷ ಗುಲ್ಡನ್ ಗುತ್ತಿಗೆ ಹಣ; ಬದಲಿಗೆ ನಾಣ್ಯ ಹೊಡೆಯುವ ಹಕ್ಕೆಲ್ಲ ಕೂಟಕ್ಕೆ. ಅದರಲ್ಲಿ ರಾಜ್ಯಪಾಲ ಲೀಖ್ಟೆನ್‌ಸ್ಟೈನ್ ಇದ್ದ, ಸೇನಾನಿ ವಾಲೆನ್‌ಸ್ಟೈನ್ ಇದ್ದ, ಸಾಹುಕಾರ ಹಾನ್ಸ್ ಡಿ ವಿಟ್ಟೆ ಇದ್ದ, ಯಹೂದಿ ವರ್ತಕ ಬಸ್ಸೇವಿ ಇದ್ದ. ಮತಗಳ ಹೆಸರಿನಲ್ಲಿ ಯುರೋಪು ಕೊಚ್ಚಿಕೊಳ್ಳುತ್ತಿದ್ದ ವರ್ಷದಲ್ಲಿ ಕ್ಯಾಥೊಲಿಕ್, ಕ್ಯಾಲ್ವಿನಿಸ್ಟ್, ಯಹೂದಿ ಒಂದೇ ಮೇಜಿಗೆ ಕೂತರು. ಸಾಮರಸ್ಯ ಎಲ್ಲಿತ್ತು ಎಂದು ಕೇಳುವವರಿಗೆ ಇದು ಉತ್ತರ.

ಅದೇ ಹೊತ್ತಿಗೆ ಬಂಡೆದ್ದ ಜಮೀನ್ದಾರರ ಎಸ್ಟೇಟುಗಳು ಮುಟ್ಟುಗೋಲಾಗಿ ಹರಾಜಿಗಿದ್ದವು. ಕೆಟ್ಟ ನಾಣ್ಯ ಹೊಡೆದವರು ಕೆಟ್ಟ ನಾಣ್ಯ ಕೊಟ್ಟು ಒಳ್ಳೆಯ ನೆಲ ಕೊಂಡರು. ನಾಣ್ಯ ಕರಗಿತು, ನೆಲ ಕರಗುವುದಿಲ್ಲ.

1623ರ ಡಿಸೆಂಬರ್‌ನಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಾಂಡ್ ಆ ಕೆಟ್ಟ ನಾಣ್ಯಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು ಬೆಲೆ ಉಳಿಸಿ ಮಿಕ್ಕದ್ದನ್ನು ಅಳಿಸಿಬಿಟ್ಟ. ಸುಳ್ಳು ಹೇಳಿದವನೇ ನಿಜ ಹೇಳಿದ ದಿನ ಹೆಚ್ಚು ಮನೆಗಳು ಉರುಳಿದವು.

ನ್ಯಾಯವಾದಿಗಳ ಮುಂದೆ ಪ್ರಶ್ನೆ ಬಂತು: ಗಟ್ಟಿ ನಾಣ್ಯದಲ್ಲಿ ಪಡೆದ ಸಾಲವನ್ನು ಹಗುರ ನಾಣ್ಯದಲ್ಲಿ ತೀರಿಸಬಹುದೆ? ಸಂಖ್ಯೆ ಸಾಲವೋ, ಬೆಳ್ಳಿ ಸಾಲವೋ? ಅವರು ಎರಡೂ ಕಡೆ ವಾದಿಸಿದರು. ಶುಲ್ಕ ಯಾವ ನಾಣ್ಯದಲ್ಲಿ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಇದ್ದಿರಲಾರದು.

ಸಾಲ ಕೊಟ್ಟವನು ಭರವಸೆ ಕಳೆದುಕೊಂಡ, ಸಾಲ ಮಾಡಿದವನು ನಾಚಿಕೆ ಕಳೆದುಕೊಂಡ. ಭರವಸೆ ಬೇಗ ಮರಳಿತು.

ಹ್ಯಾಂಬರ್ಗ್ 1619ರಲ್ಲಿ, ನ್ಯೂರೆಂಬರ್ಗ್ 1621ರಲ್ಲಿ ಸಾರ್ವಜನಿಕ ಬ್ಯಾಂಕು ತೆರೆದವು. ವರ್ತಕರ ಹಣ ಖಾತೆಯ ಪುಟದಲ್ಲಿ ಒಂದು ಹೆಸರಿನಿಂದ ಇನ್ನೊಂದಕ್ಕೆ ಸರಿಯಿತು. ಯಾರೂ ಅಂಚು ಹೆರೆಯಲಾಗದ ನಾಣ್ಯವೆಂದರೆ ಯಾರೂ ಹೊಡೆಯದ ನಾಣ್ಯ.

ಆ ಬ್ಯಾಂಕಿನ ಬಾಗಿಲು ಫೆನಿಗ್‌ಗೆ ತೆರೆಯಲಿಲ್ಲ. ರೋಗ ತಗ್ಗಿನ ಕೇರಿಯದು. ಔಷಧ ಎತ್ತರದ ಬೀದಿಗೆ ಸಿಕ್ಕಿತು.

ಸರ್ಕಾರಗಳು ನಿಷೇಧಿತ ನಾಣ್ಯಗಳ ಪಟ್ಟಿ ಅಚ್ಚು ಹಾಕಿಸಿ ಊರೂರಿಗೆ ಕಳಿಸಿದವು. ಮರದ ಅಚ್ಚಿನಲ್ಲಿ ಕೆತ್ತಿದ ದುಂಡು ಚಿತ್ರಗಳು, ಸಾಲಾಗಿ, ಎರಡೂ ಮಗ್ಗುಲು. ಇವನ್ನು ಮುಟ್ಟಬೇಡಿ ಎಂದು ಬರೆದ ಆ ಹಾಳೆಗಳನ್ನು ಈಗ ಸಂಗ್ರಹಕಾರರು ಪಕ್ಕದಲ್ಲಿಟ್ಟುಕೊಂಡು ಅವನ್ನೇ ಹುಡುಕುತ್ತಾರೆ. ಒಳ್ಳೆಯ ನಾಣ್ಯಕ್ಕೆ ಯಾರೂ ಇಷ್ಟು ಪ್ರೀತಿಯಿಂದ ಚಿತ್ರ ಬರೆದಿರಲಿಲ್ಲ.

ಚರ್ಚಿನ ಹುಂಡಿಗೆ ಕೆಟ್ಟ ಕಾಸು ಹೆಚ್ಚು ಬೀಳುತ್ತದೆ. ದೇವರು ತೂಗುವುದಿಲ್ಲ ಎಂದು ಭಕ್ತನ ನಂಬಿಕೆ. ಎಲ್ಲವನ್ನೂ ತೂಗುತ್ತಾನೆ ಎಂದೂ ಅವನದೇ ನಂಬಿಕೆ.

ಗ್ರಿಮ್ ಸಹೋದರರ ಕಥೆಯೊಂದರಲ್ಲಿ, ಇದ್ದುದೆಲ್ಲ ಕೊಟ್ಟ ಅನಾಥ ಹುಡುಗಿಗೆ ನಕ್ಷತ್ರಗಳು ಉದುರಿ ಥಾಲರ್‌ಗಳಾಗುತ್ತವೆ. ಫೆನಿಗ್ ಉದುರಿದ್ದರೆ ಅದು ಕಥೆಯಾಗುತ್ತಿರಲಿಲ್ಲ, ಮಳೆಯಾಗುತ್ತಿತ್ತು.

2008ರಲ್ಲಿ ನಮೀಬಿಯಾದ ಕರಾವಳಿಯ ವಜ್ರದ ಗಣಿಯಲ್ಲಿ ಪೋರ್ಚುಗೀಸ್ ಹಡಗೊಂದರ ಅವಶೇಷ ಸಿಕ್ಕಿತು. 1533ರಲ್ಲಿ ಭಾರತಕ್ಕೆ ಹೊರಟ ಹಡಗು ಎಂಬುದು ಬಲ್ಲವರ ಅಂದಾಜು. ಅದರ ತುಂಬ ತಾಮ್ರದ ಗಟ್ಟಿಗಳು, ಮೈಮೇಲೆ ಆಗ್ಸ್‌ಬರ್ಗ್‌ನ ಫುಗ್ಗರ್ ಮನೆತನದ ತ್ರಿಶೂಲದ ಗುರುತು. ತವರಿನಲ್ಲಿ ಬೆಳ್ಳಿ ಕೆಡಿಸುವ ಲೋಹ, ನಮ್ಮ ಕಡಲ ದಂಡೆಯ ಮೆಣಸಿನ ಮುಂದೆ ಮಾನವಂತ ಸರಕು.

ಲೋಹಕ್ಕೆ ಶೀಲವಿಲ್ಲ. ಬೆರೆಸುವ ಕೈಗೆ ಇದೆ, ಅಥವಾ ಇಲ್ಲ.

1667ರಲ್ಲಿ ಬ್ರಾಂಡೆನ್‌ಬರ್ಗ್ ಮತ್ತು ಸ್ಯಾಕ್ಸನಿ ತ್ಸಿನ್ನಾದಲ್ಲಿ ಕೂತು ಹೊಸ ಅಳತೆ ಒಪ್ಪಿಕೊಂಡವು. 1690ರಲ್ಲಿ ಲೈಪ್ಸಿಗ್‌ನಲ್ಲಿ ಇನ್ನೂ ಹಗುರಾದ ಅಳತೆ. 1750ರಲ್ಲಿ ಪ್ರಷ್ಯಾದ ಟಂಕಸಾಲೆಗಳ ಮುಖ್ಯಸ್ಥ ಗ್ರೌಮನ್ ಒಂದು ಮಾರ್ಕ್ ಬೆಳ್ಳಿಗೆ 14 ಥಾಲರ್ ಎಂದ. 1566ರಲ್ಲಿ ಒಂಬತ್ತು ಇದ್ದದ್ದು. ಒಪ್ಪಂದಗಳ ಇತಿಹಾಸ ಎಂದರೆ ಬಿದ್ದ ಜಾಗವನ್ನೇ ನೆಲ ಎಂದು ಒಪ್ಪುತ್ತ ಬಂದ ಇತಿಹಾಸ.

ದುರ್ಗುಣ ಪದ್ಧತಿಯಾಗಲು ಒಂದು ತಲೆಮಾರು ಸಾಕು. ಪದ್ಧತಿ ಕಾನೂನಾಗಲು ಒಂದು ಸಭೆ.

1756ರಲ್ಲಿ ಫ್ರೆಡರಿಕ್ ಸ್ಯಾಕ್ಸನಿಗೆ ನುಗ್ಗಿದ. ಫಿರಂಗಿಗಳ ಜೊತೆಗೆ ಲೈಪ್ಸಿಗ್ ಟಂಕಸಾಲೆಯ ಅಚ್ಚುಗಳೂ ಕೈಗೆ ಬಂದವು. ವೈರಿಯ ಮುಖ, ವೈರಿಯ ಹೆಸರು, 1753 ಎಂಬ ಹಳೆಯ ಇಸವಿ, ಒಳಗೆ ತಾಮ್ರ. ಗೆದ್ದ ರಾಜನ ಮೇಲಿನ ಸಿಟ್ಟನ್ನು ಸೋತ ರಾಜನ ಮುಖ ಹೊತ್ತು ತಿರುಗಿತು.

ಯುದ್ಧ ಗೆದ್ದವನಿಗೆ ನೆಲ ಸಿಗುತ್ತದೆ. ಅಚ್ಚು ಗೆದ್ದವನಿಗೆ ಭೂತಕಾಲವೂ ಸಿಗುತ್ತದೆ.

ಆ ಟಂಕಸಾಲೆಗಳನ್ನು ಗುತ್ತಿಗೆ ಹಿಡಿದವರು ಫೈಟೆಲ್ ಹೈನೆ ಎಫ್ರಾಯಿಮ್ ಮತ್ತು ಡಾನಿಯೆಲ್ ಇಟ್ಸಿಗ್. ಆ ನಾಣ್ಯಗಳಿಗೆ ಜನ ಎಫ್ರಾಯಿಮಿಟ್ ಎಂದು ಹೆಸರಿಟ್ಟು ಪದ್ಯ ಕಟ್ಟಿ ಹಾಡಿದರು. ಲಾಭದಲ್ಲಿ ದೊಡ್ಡ ಪಾಲು ದೊರೆಗೆ, ಬೈಗುಳದಲ್ಲಿ ಪೂರ್ತಿ ಪಾಲು ಯಹೂದಿಗೆ. ಮಹಾನ್ ಎಂಬ ವಿಶೇಷಣ ಇಂದಿಗೂ ದೊರೆಯ ಹೆಸರಿನ ಜೊತೆಗಿದೆ.

ಕೊಳಕು ಕೆಲಸಕ್ಕೆ ಹೊರಗಿನವನನ್ನು ನೇಮಿಸಿಕೊಳ್ಳುವುದರಲ್ಲಿ ಎರಡು ಉಪಯೋಗ: ಕೆಲಸ ಆಗುತ್ತದೆ; ಆದಮೇಲೆ ಹೊರಗಿನವನು ಹೊರಗಿನವನಾಗಿಯೇ ಉಳಿದಿರುತ್ತಾನೆ.

ಎಫ್ರಾಯಿಮ್ ಬರ್ಲಿನ್‌ನಲ್ಲಿ ಕಟ್ಟಿಸಿದ ಅರಮನೆ 1766ರಲ್ಲಿ ಮುಗಿಯಿತು. 1930ರ ದಶಕದಲ್ಲಿ ಅದನ್ನು ಕೆಡವಿದರು. ಕಳಚಿಟ್ಟ ಮುಂಭಾಗದ ಕಲ್ಲುಗಳಿಂದ 1980ರ ದಶಕದಲ್ಲಿ ಮತ್ತೆ ಎಬ್ಬಿಸಿದರು. ಅವನ ನಾಣ್ಯಗಳನ್ನು ಯುದ್ಧ ಮುಗಿದ ಕೂಡಲೇ ಕರಗಿಸಲು ಶುರು ಮಾಡಿದ್ದರು.

ಶಾಂತಿ ಬಂತೆಂದರೆ ಮೊದಲು ಮರಳುವುದು ಹೊಲಕ್ಕೆ ರೈತ, ಆಮೇಲೆ ಮನೆಗೆ ಸೈನಿಕ, ಎಲ್ಲರ ಕೊನೆಗೆ ನಾಣ್ಯಕ್ಕೆ ಬೆಳ್ಳಿ.

ದಕ್ಷಿಣದ ಸಣ್ಣ ನಾಣ್ಯಗಳ ಮೇಲೆ ನಾಡ ನಾಣ್ಯ ಎಂದು ಕೆತ್ತಿದರು: ಈ ಗಡಿಯೊಳಗೆ ಮಾತ್ರ ನನ್ನ ಮಾತು ನಡೆಯುತ್ತದೆ. ಅಷ್ಟು ವಿನಯ ಯಾವ ಥಾಲರ್‌ಗೂ ಇರಲಿಲ್ಲ. ಬಹುಶಃ ಯಾವ ಅರಸನಿಗೂ.

ಹೀಗೆ ನಿಧಾನಕ್ಕೆ ಮೂರನೆಯ ದಾರಿ ಕಂಡಿತು. ಚಿಲ್ಲರೆಯಲ್ಲಿ ಬೆಲೆಗೆ ತಕ್ಕ ಬೆಳ್ಳಿ ಇರಬೇಕಿಲ್ಲ. ಕೇಳಿದಾಗ ಬದಲಿಸಿಕೊಡುವ ಮಾತಿದ್ದರೆ ಸಾಕು, ಇಷ್ಟಕ್ಕಿಂತ ಹೆಚ್ಚು ಹೊಡೆಯುವುದಿಲ್ಲ ಎಂಬ ಸಂಯಮವಿದ್ದರೆ ಸಾಕು. ಬೆಳ್ಳಿ ಅಗೆಯುವುದಕ್ಕಿಂತ ಸಂಯಮ ಅಗೆಯುವುದು ಆಳದ ಕೆಲಸವಾದ್ದರಿಂದ ತಡವಾಯಿತು.

ಸುಳ್ಳನ್ನು ಮುಚ್ಚಿಟ್ಟಷ್ಟು ದಿನ ಅದು ಮೋಸ. ಎಲ್ಲರೂ ಓದುವಂತೆ ಬರೆದಿಟ್ಟ ದಿನ ಅದು ವ್ಯವಸ್ಥೆ.

1821ರ ಪ್ರಷ್ಯಾದಲ್ಲಿ ಥಾಲರ್ ಒಂದಕ್ಕೆ 30 ಹೊಸ ನಾಣ್ಯಗಳು. ಹೆಸರು ಬೆಳ್ಳಿ ಗ್ರೋಷನ್. ಸಾವಿರ ಪಾಲಿನಲ್ಲಿ 222 ಬೆಳ್ಳಿ, ಮಿಕ್ಕದ್ದು ತಾಮ್ರ. ಯಾರೂ ದಂಗೆ ಏಳಲಿಲ್ಲ. ಇನ್ನೂರು ವರ್ಷ ಹಿಂದೆ ಇದೇ ಬೆರಕೆಗೆ ಕಿಟಕಿಗಳು ಒಡೆದಿದ್ದವು.

ಕೂಲಿಯವನು ಬೆಳ್ಳಿ ಕೇಳಿದವನಲ್ಲ. ನಿನ್ನೆ ಒಂದು ಗ್ರೋಷನ್‌ಗೆ ಬಂದಷ್ಟು ರೊಟ್ಟಿ ಇಂದೂ ಬರಲಿ ಎಂದ. ಇದು ಬೆಳ್ಳಿಗಿಂತ ದುಬಾರಿ ಬೇಡಿಕೆ ಎಂದು ಅವನಿಗೆ ಗೊತ್ತಿರಲಿಲ್ಲ, ಅರಸರಿಗೆ ಗೊತ್ತಿತ್ತು.

1873ರಲ್ಲಿ ಒಗ್ಗೂಡಿದ ಜರ್ಮನಿಯ ಕಾನೂನು ಹೇಳಿತು: ನಿಕ್ಕಲ್, ತಾಮ್ರದ ಚಿಲ್ಲರೆಯನ್ನು ಒಂದು ಮಾರ್ಕ್‌ಗಿಂತ ಹೆಚ್ಚಾಗಿ ಯಾರೂ ಬಲವಂತದಿಂದ ಪಡೆಯಬೇಕಿಲ್ಲ. ಫೆನಿಗ್‌ನ ಮಾತಿಗೆ ಮಿತಿ ಬಂತು, ಮಿತಿಯೊಡನೆ ಮರ್ಯಾದೆ.

ಬೆರಕೆ ಬೆಳ್ಳಿಗೆ ಆ ಕಾನೂನಿನಲ್ಲಿ ಜಾಗವಿಲ್ಲ. 20 ಫೆನಿಗ್ ನಾಣ್ಯವನ್ನು ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿಯಲ್ಲಿ ಹೊಡೆದರು, ತೂಕ 1.11 ಗ್ರಾಂ. ಅದು ಬೆರಳ ಸಂದಿಯಿಂದ ಜಾರಿ ಕಳೆದುಹೋಗುತ್ತದೆ ಎಂದು ಜನ ಗೊಣಗಿದರು. 1887ರಲ್ಲಿ ಅದಕ್ಕೂ ನಿಕ್ಕಲ್ ಬೆರೆತ ತಾಮ್ರ ಬಂತು, ದೊಡ್ಡದಾಗಿ, ದಪ್ಪನಾಗಿ.